ಮೊಂಡಿ ಅರಳಿದ ವರ್ಷ

ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ನಿಂತರೂ ನಾನು ಇಳಿಯುವವನಲ್ಲ. ಒಂಬತ್ತು ವರ್ಷದಿಂದ ಅದೊಂದು ವ್ರತದ ಹಾಗೆ ನಡೆದುಬಂದಿದೆ. ಹಾಸನದ ಕಡೆ ಕೆಲಸವಿದ್ದಾಗಲೆಲ್ಲ ಕಿಟಕಿ ಎಳೆದುಕೊಂಡು, ನಿದ್ದೆ ಬಂದವನಂತೆ ಕಣ್ಣು ಮುಚ್ಚಿ ಕೂತುಬಿಡುತ್ತೇನೆ. ಈ ಸಲ ಕಂಡಕ್ಟರು ಟೈರು ಹೋಗಿದೆ, ಎಲ್ಲರೂ ಇಳಿಯಿರಿ ಎಂದ. ಇಳಿದೆ. ಹೋಟೆಲಿನ ಪಕ್ಕದಲ್ಲಿ ಒಂದು ಟ್ರಾಕ್ಟರು ನಿಂತಿತ್ತು. ಟ್ರೇಲರಿನ ತುಂಬ ಆಗಷ್ಟೇ ಕೊಯ್ದ ಸೂರ್ಯಕಾಂತಿ ತೆನೆ, ಜೊತೆಗೆ ಸಿಕ್ಕಿಬಂದ ಹಸಿ ಎಲೆ. ಕಾಫಿಯ ಲೋಟ ಹಿಡಿದು ಅದರ ಹತ್ತಿರ ಯಾಕೆ ಹೋದೆನೋ ಗೊತ್ತಿಲ್ಲ. ಕೈ ತಾನಾಗಿ ಒಂದು ಎಲೆ ಹರಿದು ಹಿಸುಕಿ ಮೂಗಿಗೆ ಹಿಡಿಯಿತು.

ಅಂಟಂಟಾದ, ಸ್ವಲ್ಪ ಸೀಮೆಎಣ್ಣೆಯಂಥ ವಾಸನೆ. ಹೂವು ನೋಡಲು ಎಷ್ಟು ಚೆಂದವೋ ಎಲೆಯ ವಾಸನೆ ಅಷ್ಟು ಒರಟು. ಆ ವರ್ಷವೆಲ್ಲ ನನ್ನ ಅಂಗಿಗೆ, ಬೆರಳಿಗೆ, ಊಟದ ಡಬ್ಬಿಗೆ ಹತ್ತಿಕೊಂಡಿದ್ದ ವಾಸನೆ ಅದು. ಟೈರು ಹಾಕಿಯಾಯಿತು, ಹತ್ತಿ ಎಂದು ಕಂಡಕ್ಟರು ಕೂಗಿದ. ನನ್ನ ಬ್ಯಾಗು ಇಳಿಸಿಕೊಂಡು ಅವನಿಗೆ ಹೋಗಲು ಹೇಳಿದೆ. ಆಮೇಲೆ ನಾಗಮಂಗಲದ ಕಡೆ ಹೋಗುವ ಒಂದು ಆಟೊ ಹಿಡಿದು ಊರಿನ ಹೆಸರು ಹೇಳಿದೆ.

ಆ ಊರಿನ ಹೆಸರು ಇಲ್ಲಿ ಬೇಡ. ನಾಗಮಂಗಲ ತಾಲ್ಲೂಕಿನ ಒಳಭಾಗದಲ್ಲಿ, ಒಂದು ಬೋಳು ಕಲ್ಲುಗುಡ್ಡದ ಬುಡದಲ್ಲಿರುವ ಸಣ್ಣ ಊರು ಎಂದರೆ ಸಾಕು. ಕೃಷಿ ಡಿಪ್ಲೊಮಾ ಮುಗಿಸಿ ಎರಡು ವರ್ಷ ಸುಮ್ಮನೆ ತಿರುಗಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಅಲ್ಲಿ. ಹನ್ನೊಂದು ತಿಂಗಳ ಗುತ್ತಿಗೆ. ಕೆಲಸ ಚೆನ್ನಾಗಿದ್ದರೆ ಮುಂದುವರಿಕೆ, ಇಲ್ಲದಿದ್ದರೆ ನಮಸ್ಕಾರ. ನಮ್ಮ ಮನೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಕಾವೇರಿಯ ನೀರು ಕುಡಿದು ಬೆಳೆದವನಿಗೆ ನೀರಿಲ್ಲದ ನೆಲ ಎಂದರೆ ಏನೆಂದೇ ಗೊತ್ತಿರಲಿಲ್ಲ. ಸೋಮವಾರ ಬೆಳಗಿನ ಬಸ್ಸಿನಲ್ಲಿ ಹೊರಟರೆ ಪಾಂಡವಪುರ ದಾಟುವವರೆಗೆ ನಾಲೆ, ಭತ್ತ, ಕಬ್ಬು. ಅಲ್ಲಿಂದ ಮುಂದೆ ಹಸಿರು ತೆಳುವಾಗುತ್ತಾ ಹೋಗಿ ರಾಗಿ, ಹುರುಳಿ, ಕೊನೆಗೆ ಬರೀ ಕಲ್ಲು. ನಾಗಮಂಗಲದಲ್ಲಿ ಒಂದು ರೂಮು ಮಾಡಿಕೊಂಡಿದ್ದೆ. ಶನಿವಾರ ಊರಿಗೆ ವಾಪಸು.

ಕೆಲಸ ಏನೆಂದರೆ ಗುಡ್ಡದ ಬುಡದ ಒಂದು ಸಣ್ಣ ಪ್ರಯೋಗದ ತಾಕು ನೋಡಿಕೊಳ್ಳುವುದು. ತಂತಿಬೇಲಿ, ಒಂದು ಬೋರು, ಶೀಟು ಹೊದಿಸಿದ ಒಂದು ಶೆಡ್ಡು. ಮುಂದಿನ ಮಡಿಯಲ್ಲಿ ನಮ್ಮ ಊರುಗಳಲ್ಲಿ ಬೆಳೆಯುವ ಮಾಮೂಲಿ ಸೂರ್ಯಕಾಂತಿ. ಹಿಂದಿನ ಮಡಿಯಲ್ಲಿ, ಕಲ್ಲಿಗೆ ಒರಗಿದಂತಿದ್ದ ಜಾಗದಲ್ಲಿ, ಇಪ್ಪತ್ತೆರಡು ಗಿಡ. ಒಂದೊಂದರ ಪಕ್ಕದಲ್ಲೂ ತಗಡಿನ ನಂಬರು ಹೊಡೆದ ಕಡ್ಡಿ. ಅವೂ ಸೂರ್ಯಕಾಂತಿಯೇ ಎಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಮೊಣಕಾಲೆತ್ತರ, ಪೊದೆ ಪೊದೆಯಾಗಿ, ಮುಟ್ಟಿದರೆ ಕೈ ಉರಿಯುವಷ್ಟು ಮುಳ್ಳುಮುಳ್ಳಾದ ಸುಣೆ, ಬೂದು ಹಸಿರು ಎಲೆ. ಯಾವುದೋ ದೂರದೇಶದ ಒಣಬೆಟ್ಟಗಳಲ್ಲಿ ತಾನಾಗಿ ಬೆಳೆಯುವ ಕಾಡುಜಾತಿ. ನಮ್ಮ ಸೂರ್ಯಕಾಂತಿಯ ಹಾಗೆ ಮೂರು ತಿಂಗಳಲ್ಲಿ ಹೂಬಿಟ್ಟು ಸಾಯುವುದಲ್ಲ. ಮೇಲೆ ಒಣಗುತ್ತದೆ, ಬೇರು ಉಳಿಯುತ್ತದೆ, ಮಳೆ ಬಿದ್ದಾಗ ಮತ್ತೆ ಚಿಗುರುತ್ತದೆ. ಒಂದೊಂದು ಬೇರು ಹತ್ತಾರು ವರ್ಷ ಬದುಕುತ್ತದಂತೆ.

ಇದೆಲ್ಲ ನನಗೆ ಹೇಳಿಕೊಟ್ಟವರು ಈ ಪ್ರಯೋಗದ ಮುಖ್ಯಸ್ಥರಾದ ವಿಜ್ಞಾನಿಗಳು. ನಾವೆಲ್ಲ ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ತಿಂಗಳಿಗೊಮ್ಮೆ ಜೀಪಿನಲ್ಲಿ ಬರುತ್ತಿದ್ದರು. ರೋಗ ಬಿದ್ದು ಬಿದ್ದು ನಮ್ಮ ರೈತರು ಸೂರ್ಯಕಾಂತಿಯನ್ನೇ ಬಿಟ್ಟುಬಿಟ್ಟಿದ್ದರು. ಈ ಕಾಡುಗಿಡಕ್ಕೆ ಆ ರೋಗ ತಟ್ಟುವುದಿಲ್ಲ, ಬರಕ್ಕೂ ಜಗ್ಗುವುದಿಲ್ಲ, ಇದರ ಗುಣವನ್ನು ಅದಕ್ಕೆ ತರಬೇಕು ಎನ್ನುವುದು ಅವರ ಹಟ. ಆ ಬೀಜ ತರಿಸಲು ಎಷ್ಟು ವರ್ಷ ಕಾಗದ ಬರೆದಿದ್ದರೋ ಅವರಿಗೇ ಗೊತ್ತು. ಬಂದದ್ದು ಒಂದು ಹಿಡಿಯೂ ಇರಲಿಲ್ಲವಂತೆ. ಅದರಲ್ಲಿ ಮೊಳೆತು ಉಳಿದದ್ದು ಇಪ್ಪತ್ತೆರಡು.

ಮೊಳೆಸಿದವಳು ಕೆಂಪಮ್ಮ. ತಾಕಿನ ದಿನಗೂಲಿ ಹೆಂಗಸು, ಐವತ್ತರ ಹತ್ತಿರದ ವಯಸ್ಸು, ಅದೇ ಊರಿನವಳು. ತವರು ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟ. ಈ ಬೀಜಕ್ಕೆ ಚಳಿ ತಾಗಿದರೆ ಮಾತ್ರ ಮೊಳಕೆ, ಫ್ರಿಜ್ಜಿನಲ್ಲಿಡಬೇಕು ಎಂದು ಸಾಹೇಬರು ಹೇಳಿ ಹೋಗಿದ್ದರು. ಊರಿನಲ್ಲಿ ಕರೆಂಟಿಗೇ ಗತಿಯಿಲ್ಲ. ಕೆಂಪಮ್ಮ ಒದ್ದೆ ಬಟ್ಟೆಯಲ್ಲಿ ಬೀಜ ಸುತ್ತಿ, ಮಣ್ಣಿನ ಕುಡಿಕೆಯಲ್ಲಿಟ್ಟು, ಧನುರ್ಮಾಸದ ಚಳಿಯಲ್ಲಿ ಮನೆಯ ನೀರುಕೊಡದ ಕೆಳಗೆ ಹೂತಿಟ್ಟಳಂತೆ. ಫ್ರಿಜ್ಜಿನಲ್ಲಿಟ್ಟದ್ದು ಕೊಳೆತುಹೋಯಿತು, ಇವಳದ್ದು ಬಂತು. ಅದಕ್ಕೆ ಸಾಹೇಬರಿಗೆ ಅವಳ ಮೇಲೆ ಎಲ್ಲಿಲ್ಲದ ಗೌರವ. ಐದು ವರ್ಷದಿಂದ ದಿನಗೂಲಿಯಲ್ಲಿದ್ದ ಅವಳ ಹೆಸರನ್ನು ಆ ವರ್ಷ ಖಾಯಂ ಮಾಡಲು ಮೇಲಕ್ಕೆ ಕಳಿಸಿದ್ದರು. ಸೊಂಟ ಬಿದ್ದು ಮನೆಯಲ್ಲೇ ಕೂತ ಗಂಡ, ಇನ್ನೂ ದಾರಿಗೆ ಬರದ ಮಗ. ಆ ಒಂದು ಆರ್ಡರು ಬಂದರೆ ಸಾಕು ಎಂದು ಅವಳು ದಿನಕ್ಕೊಮ್ಮೆಯಾದರೂ ಹೇಳದೆ ಇರುತ್ತಿರಲಿಲ್ಲ.

ಆ ಗಿಡಕ್ಕೆ ರಿಜಿಸ್ಟರಿನಲ್ಲಿ ಉದ್ದುದ್ದದ ಹೆಸರಿತ್ತು. ಕೆಂಪಮ್ಮ ಕರೆಯುತ್ತಿದ್ದದ್ದು ಮೊಂಡಿ ಎಂದು. ನೀರು ಹೆಚ್ಚು ಕೊಟ್ಟರೆ ಮುನಿಸಿಕೊಳ್ಳುತ್ತಾಳೆ, ಗೊಬ್ಬರ ಹಾಕಿದರೆ ಬೇಡ ಅನ್ನುತ್ತಾಳೆ, ಬಯ್ದು ಸುಮ್ಮನಾದರೆ ನೆಟ್ಟಗೆ ಬೆಳೆಯುತ್ತಾಳೆ, ಥೇಟ್ ನನ್ನ ಹಾಗೆ ಎನ್ನುತ್ತಿದ್ದಳು. ನಾನು ಹೋದ ಮೊದಲ ವಾರವೇ ಅತಿ ಬುದ್ಧಿವಂತಿಕೆ ಮಾಡಿ ಹಿಂದಿನ ಮಡಿಗೂ ನೀರು ಬಿಟ್ಟೆ. ಅವಳು ಓಡಿಬಂದು ಬರಿಗೈಯಲ್ಲಿ ಮಣ್ಣು ಎಳೆದು ಕಾಲುವೆ ಕಟ್ಟಿದಳು. ನದಿ ದಡದೋರಿಗೆ ನೀರು ಕಂಡ್ರೆ ಬಿಡಾಕೆ ಮನಸಾಯ್ತದೆ ಎಂದು ನಕ್ಕಳೇ ಹೊರತು ಸಾಹೇಬರಿಗೆ ಹೇಳಲಿಲ್ಲ. ಅಂದಿನಿಂದ ತಾಕಿನ ನಿಜವಾದ ಯಜಮಾನಿ ಯಾರು ಎನ್ನುವುದು ನಮ್ಮಿಬ್ಬರಿಗೂ ಇತ್ಯರ್ಥವಾಯಿತು.

ಇನ್ನೊಬ್ಬಳು ಜಯಮ್ಮ. ಕೆಂಪಮ್ಮನ ಮನೆಗೆ ಅಂಟಿಕೊಂಡ ಮನೆ ಅವಳದು. ಮಾತಿಗೆ ಮುಂಚೆ ಬೈಗುಳ, ಬೈಗುಳದ ಬೆನ್ನಿಗೆ ನಗು. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಅವರದೊಂದು ನಾಲ್ಕು ಜನರ ಮುಯ್ಯಾಳಿನ ಗುಂಪು. ಇವತ್ತು ನಿಮ್ಮ ಹೊಲದ ಕಳೆಗೆ ನಾವು ಬಂದರೆ, ನಾಳೆ ನಮ್ಮ ಹೊಲದ ಕಳೆಗೆ ನೀವು ಬರಬೇಕು. ಅದೇ ಮುಯ್ಯಿ. ನಾನು ಮನೆಗೆ ಹೋಗದೆ ಉಳಿದಿದ್ದ ಒಂದು ಭಾನುವಾರ ಜ್ವರದಲ್ಲೂ ಕೆಂಪಮ್ಮ ಜಯಮ್ಮನ ರಾಗಿ ಹೊಲದಲ್ಲಿ ಬಗ್ಗಿ ಕಳೆ ಕೀಳುವುದನ್ನು ಕಂಡು, ಇವತ್ತೊಂದು ದಿನ ಬಿಟ್ಟರೆ ಆಗದೇ ಎಂದೆ. ಬೇಕಾದರೆ ಅವಳಿಗೆ ಏನಾದರೂ ಕೊಟ್ಟು ತೀರಿಸು ಎಂದೂ ಸೇರಿಸಿದೆ.

“ಆಳಿಗೆ ಆಳೇ ಓಗ್ಬೇಕು ಸಾ. ಬ್ಯಾರೆ ಏನ್ ಕೊಟ್ರೂ ತೀರಕಿಲ್ಲ” ಎಂದಳು ಕೆಂಪಮ್ಮ. ನನಗೆ ಅದು ಹಳ್ಳಿಯವರ ಹಟ ಎನ್ನಿಸಿತ್ತು.

ಆ ವರ್ಷ ಮುಂಗಾರು ಕೈಕೊಟ್ಟಿತು. ಮೋಡ ಗುಡ್ಡದ ನೆತ್ತಿಯವರೆಗೆ ಬಂದು ಹಾಗೇ ಮೇಲುಕೋಟೆಯ ಕಡೆ ತಿರುಗಿಕೊಳ್ಳುತ್ತಿತ್ತು. ಮುಂದಿನ ಮಡಿಯ ಸೂರ್ಯಕಾಂತಿ ಬೋರಿನ ನೀರಿನಲ್ಲಿ ಹೇಗೋ ಜೀವ ಹಿಡಿದುಕೊಂಡಿತು. ಮೊಂಡಿ ಮಾತ್ರ ಯಾವುದಕ್ಕೂ ಕ್ಯಾರೇ ಎನ್ನದೆ ನಿಂತಿದ್ದಳು. ಭಾದ್ರಪದದ ಕೊನೆಗೆ ಎರಡು ಒಳ್ಳೆಯ ಮಳೆ ಬಿತ್ತು. ಅದಾದ ಇಪ್ಪತ್ತು ದಿನಕ್ಕೆ ಏಳನೆಯ ನಂಬರಿನ ಗಿಡದಲ್ಲಿ ಮೊದಲ ಮೊಗ್ಗು. ಅರಳಿದಾಗ ಹೂವು ಎರಡು ಬೆರಳಗಲ. ಇಷ್ಟೇನಾ ಎಂದುಕೊಂಡೆ. ಕೆಂಪಮ್ಮನಿಗೆ ಆ ನಿರಾಶೆಯೇ ಇರಲಿಲ್ಲ. ಮೊದಲ ಸಲ ಮೊಮ್ಮಗು ನೋಡಿದವಳ ಹಾಗೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

ಮೊಂಡಿಯನ್ನು ಊರಿನ ಸೂರ್ಯಕಾಂತಿಯ ಜೊತೆ ಕೂಡಿಸುವ ಆಮೇಲಿನ ಮೂರು ವಾರ ನಾವು ಮನುಷ್ಯರ ಹಾಗೆ ಬದುಕಲಿಲ್ಲ. ಬೆಳಗಿನ ಮಂಜು ಆರುವ ಮೊದಲೇ ತಾಕಿನಲ್ಲಿರಬೇಕು. ಊರಿನ ಸೂರ್ಯಕಾಂತಿಯ ತೆನೆಗೆ ಹಿಂದಿನ ದಿನವೇ ಬಟ್ಟೆಚೀಲ ಕಟ್ಟಿರಬೇಕು, ಇಲ್ಲದಿದ್ದರೆ ಜೇನು ನಮ್ಮ ಕೆಲಸ ಕೆಡಿಸುತ್ತದೆ. ಚೀಲ ಬಿಚ್ಚಿ, ಚಿಮಟದಲ್ಲಿ ಒಂದೊಂದೇ ಕೇಸರ ಕಿತ್ತು, ಮೊಂಡಿಯ ಹೂವಿನ ಪುಡಿಯನ್ನು ಕಾಗದದ ಮೇಲೆ ಉದುರಿಸಿಕೊಂಡು ಬಂದು ಹತ್ತಿಯಲ್ಲಿ ಸವರಿ, ಮತ್ತೆ ಚೀಲ ಕಟ್ಟಬೇಕು. ಕೆಂಪಮ್ಮ ಹತ್ತು ತೆನೆ ಮುಗಿಸುವಷ್ಟರಲ್ಲಿ ನನ್ನದು ಎರಡು. ಅವಳ ದಪ್ಪ ಬೆರಳು ಆ ಕೂದಲೆಳೆಯಂಥ ಕೇಸರವನ್ನು ಹೇಗೆ ಹಿಡಿಯುತ್ತಿದ್ದವೋ. ಹತ್ತು ಗಂಟೆಗೆ ಶೆಡ್ಡಿನ ನೆರಳಲ್ಲಿ ಕೂತು ಅವಳು ತಂದ ಮುದ್ದೆ, ಹುರುಳಿ ಬಸ್ಸಾರು. ನನ್ನ ಡಬ್ಬಿಯ ಚಿತ್ರಾನ್ನ ಅವಳಿಗೆ. ಆ ವಾರಗಳಲ್ಲೇ ಯಾವಾಗಲೋ ಸಾ ಹೋಗಿ ಮಗ ಬಂದಿತ್ತು. ನೀವು ಹೋಗಿ ನೀನು ಬಂದಿತ್ತು. ನಾನು ಬೇಡ ಅನ್ನಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗಿದ್ದೆ.

ಬೀಜ ಕಟ್ಟಿತು. ಒಡೆದು ನೋಡಿದರೆ ಜೊಳ್ಳು. ನೂರಾರು ಬೀಜದಲ್ಲಿ ಒಂದರಲ್ಲೂ ಗಟ್ಟಿ ತಿರುಳಿಲ್ಲ. ಸಾಹೇಬರು ಬಂದು ಶೆಡ್ಡಿನಲ್ಲಿ ಕೂತು ತಾವೂ ಒಂದೊಂದೇ ಬೀಜ ಒಡೆದು ನೋಡಿದರು. ಮೊದಲ ಸಲಕ್ಕೆ ಯಾರಿಗೂ ಒಲಿಯುವುದಿಲ್ಲ, ಮುಂದಿನ ವರ್ಷ ಹೂವು ಜಾಸ್ತಿ ಬರುತ್ತದೆ, ಬೇರು ಇದೆಯಲ್ಲ ಎಂದು ಕೊನೆಗೆ ಅವರೇ ತಮಗೆ ಹೇಳಿಕೊಂಡರು. ಹೋಗುವಾಗ ನನಗೂ ಮುಂದುವರಿಕೆ ಬರೆಯುತ್ತೇನೆ ಎಂದರು. ಕೆಂಪಮ್ಮನ ಆರ್ಡರು ಯುಗಾದಿಯೊಳಗೆ ಬರಬಹುದು ಎಂದರು. ಇಬ್ಬರ ಬದುಕೂ ಆ ಇಪ್ಪತ್ತೆರಡು ಬೇರಿಗೆ ಕಟ್ಟಿಕೊಂಡಿತ್ತು.

ಮಾರ್ಗಶಿರ ಬಂದಂತೆ ಮೊಂಡಿ ಒಣಗತೊಡಗಿದಳು. ಎಲೆ ಕಪ್ಪಾಗಿ ಮುದುರಿ, ಕಡ್ಡಿ ಬೆಂಡಾಗಿ, ಒಂದು ದಿನ ನೋಡಿದರೆ ಇಪ್ಪತ್ತೆರಡೂ ಸತ್ತ ಹಾಗೆ ನಿಂತಿದ್ದವು. ಪುಸ್ತಕದಲ್ಲಿ ಓದಿದ್ದರೂ ಸತ್ತೇಹೋದವು ಎಂದುಕೊಂಡೆ. ಕೆಂಪಮ್ಮ ನನ್ನ ಕೈ ಹಿಡಿದು ಎಳೆದು ಕೂರಿಸಿ, ಬುಡದ ಮಣ್ಣು ಸರಿಸಿ, ಹೆಬ್ಬೆರಳಿನ ಉಗುರಿನಿಂದ ಬೇರಿನ ಕತ್ತನ್ನು ಸ್ವಲ್ಪವೇ ಕೆರೆದಳು. ತೊಗಟೆಯ ಕೆಳಗೆ ಹಸಿ ಬಿಳುಪು.

“ಮ್ಯಾಲೆ ಒಣಗೈತೆ ಅಷ್ಟೇಯ. ಒಳಗೆ ಉಸ್ರದೆ. ಯಾರ್ನೂ ಈ ಕಡೀಕೆ ಬುಡಬ್ಯಾಡ ಮಗ” ಎಂದಳು. ಕೆರೆದ ಜಾಗಕ್ಕೆ ಮತ್ತೆ ಮಣ್ಣು ಎಳೆದು ಅಂಗೈಯಲ್ಲಿ ತಟ್ಟಿದಳು. ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ನಾನು ಯಾವತ್ತೂ ಹೇಳುವಂತಿಲ್ಲ.

ಸಂಕ್ರಾಂತಿ ಕಳೆದ ವಾರ ಸಿಂಧಘಟ್ಟದಿಂದ ಸುದ್ದಿ ಬಂತು. ಕೆಂಪಮ್ಮನ ತಾಯಿ ತೀರಿಹೋಗಿದ್ದರು. ತಿಥಿ ಮುಗಿಸಿಕೊಂಡೇ ಬರುತ್ತೇನೆ ಎಂದು ಅವಳು ಹೊರಟಳು. ಅಷ್ಟು ದಿನ ದಿನಗೂಲಿಯವಳು ಬರದಿದ್ದರೆ ಹಾಜರಿ ಪುಸ್ತಕದಲ್ಲಿ ಖಾಲಿ ಬೀಳುತ್ತದೆ, ಖಾಯಂ ಆಗುವ ಹೊತ್ತಿಗೆ ಅದು ಕೆಟ್ಟದ್ದು ಎಂದು ಅವಳಿಗೆ ಹೆದರಿಕೆ. ನಾನು ನೋಡಿಕೊಳ್ಳುತ್ತೇನೆ, ಹೋಗಿ ಬಾ ಎಂದೆ. ನಾನು ಹೇಗೆ ನೋಡಿಕೊಂಡೆ ಎನ್ನುವುದೇ ಇನ್ನು ಮುಂದಿನ ಕಥೆ.

ಆ ಶುಕ್ರವಾರ ನಾನು ತಾಕಿಗೆ ಹೋಗಲಿಲ್ಲ. ನನಗೆ ಹೆಣ್ಣು ನೋಡಿದ್ದರು. ಹುಡುಗಿಯ ಮನೆಯವರು ಗಂಜಾಂಗೆ ಬಂದು ನಿಮಿಷಾಂಬ ದೇವಸ್ಥಾನದಲ್ಲಿ ಪೂಜೆ ಮಾಡಿಸಿ ಮಾತು ಮುಗಿಸುವುದು ಎಂದಾಗಿತ್ತು. ಶುಕ್ರವಾರದ ಜನ, ಮೆಟ್ಟಿಲಿನವರೆಗೆ ಸಾಲು. ಸಾಲಿನಲ್ಲಿ ನಿಂತಿದ್ದಾಗ ಫೋನು ಬಂತು. ಜಯಮ್ಮ. ಕೆಂಪಕ್ಕನ ಬದಲು ನಾವು ಮೂರು ಜನ ಮುಯ್ಯಿಗೆ ಬಂದಿದ್ದೇವೆ, ಅವಳ ಕೆಲಸ ನಿಲ್ಲಬಾರದು, ಏನು ಮಾಡಬೇಕು ಹೇಳಿ ಎಂದಳು. ನನ್ನ ಮುಂದೆ ಎರಡು ಆಳು ದೂರದಲ್ಲಿ ಆ ಹುಡುಗಿ ಹೂವಿನ ತಟ್ಟೆ ಹಿಡಿದು ನಿಂತಿದ್ದಳು, ಒಮ್ಮೆ ತಿರುಗಿ ನೋಡಿದಳು. ಮುಂದಿನ ಮಡಿಯ ಸೂರ್ಯಕಾಂತಿ ಕಟಾವಾಗಿ ಕಡ್ಡಿ ನಿಂತಿತ್ತಲ್ಲ, ಅದು ನೆನಪಾಗಿ, ಒಣಗಿದ್ದನ್ನೆಲ್ಲ ಕಿತ್ತು ಹಸನು ಮಾಡಿ ಎಂದೆ.

“ಹಿಂದ್ಗಡೆ ನಂಬರ್ ಕಡ್ಡಿ ಇರೋವೂ ಕೀಳದಾ ಸಾ? ಅವೂ ಒಣಗೋಗವೆ” ಎಂದು ಕೇಳಿದಳು ಜಯಮ್ಮ. ತುಂಬ ಸ್ಪಷ್ಟವಾಗಿ ಕೇಳಿದಳು. ಸಾಲು ಮುಂದೆ ಸರಿಯುತ್ತಿತ್ತು. ನಮ್ಮಪ್ಪ ಹಿಂದಿನಿಂದ ಬೆನ್ನು ತಿವಿಯುತ್ತಿದ್ದರು.

“ಹೂಂ, ಎಲ್ಲಾ” ಎಂದು ಹೇಳಿ ಫೋನು ಇಟ್ಟೆ. ಅವಳ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ದೇವಿಯ ಮುಂದೆ ನಿಂತು ಕೈಮುಗಿಯುವಾಗಲೂ ಹೋಗಿರಲಿಲ್ಲ. ಮಾತು ಮುಗಿದು, ಊಟ ಮುಗಿದು, ಸಂತೋಷದಿಂದ ಎರಡು ದಿನ ಮನೆಯಲ್ಲಿ ಉಳಿದೆ.

ಸೋಮವಾರ ಬೇಲಿಯ ಗೇಟು ತೆಗೆದಾಗ ತಾಕು ಕನ್ನಡಿಯ ಹಾಗೆ ಹಸನಾಗಿತ್ತು. ಅಂಥ ಅಚ್ಚುಕಟ್ಟು ಕೆಲಸವನ್ನು ನಾನು ಅಲ್ಲಿ ನೋಡಿರಲಿಲ್ಲ. ಹಿಂದಿನ ಮಡಿಯಲ್ಲಿ ಇಪ್ಪತ್ತೆರಡು ಗುಂಡಿ. ಬೇರು ಆಳಕ್ಕೆ ಹೋಗಿದ್ದರಿಂದ ಗುದ್ದಲಿ ಹಾಕಿ ಅಗೆದು ತೆಗೆದಿದ್ದರು. ತಗಡಿನ ನಂಬರುಗಳನ್ನು ಕ್ರಮವಾಗಿ ಜೋಡಿಸಿ ಶೆಡ್ಡಿನ ಕಟ್ಟೆಯ ಮೇಲಿಟ್ಟಿದ್ದರು. ಬದುವಿನ ಹತ್ತಿರ ಕಡ್ಡಿ ಸುಟ್ಟ ಬೂದಿ. ಬೇಲಿಯಾಚೆ ಬಿಸಾಕಿದ ಬುಡಗಳ ಗುಡ್ಡೆಯೂ ಇದ್ದಿರಬೇಕು. ನಾನು ನೋಡಲಿಲ್ಲ. ಹುಡುಕಬಹುದಿತ್ತು, ಅವತ್ತೇ ಮಣ್ಣಿಗಿಟ್ಟು ನೀರು ಚಿಮುಕಿಸಬಹುದಿತ್ತು. ಆ ಗುಂಡಿಗಳ ನಡುವೆ ನಿಂತು ನಾನು ಯೋಚಿಸಿದ್ದು ಒಂದೇ, ಇದಕ್ಕೆ ಯಾರ ಹೆಸರು ಬರುತ್ತದೆ ಎಂದು.

ಮಾರನೆಯ ದಿನ ಕೆಂಪಮ್ಮ ಸಿಂಧಘಟ್ಟದ ಬಸ್ಸಿಳಿದು ನೇರ ತಾಕಿಗೇ ಬಂದಳು. ಕೈಯಲ್ಲಿ ತಿಥಿ ಮನೆಯ ವಡೆ, ಕಜ್ಜಾಯ ಕಟ್ಟಿದ ಎರಡು ಪೊಟ್ಟಣ, ಒಂದು ನನಗೆ, ಒಂದು ಜಯಮ್ಮನಿಗೆ. ಗುಂಡಿಗಳನ್ನು ನೋಡಿ ಅಲ್ಲೇ ಕೂತಳು. ಅಳಲಿಲ್ಲ. ಒಂದು ಗುಂಡಿಗೆ ಕೈ ಹಾಕಿ ತಳದ ಮಣ್ಣನ್ನು ಬೆರಳಲ್ಲಿ ಸವರಿ ಸವರಿ ನೋಡಿದಳು. ಹೆತ್ತ ತಾಯಿಯನ್ನು ಮಣ್ಣಿಗಿಟ್ಟು ಬಂದ ಕೈ ಅದು. ಎದ್ದು ಊರೊಳಗೆ ಹೋದವಳು ಅರ್ಧ ಗಂಟೆಯ ಮೇಲೆ ವಾಪಸು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು.

“ಜಯಮ್ಮ ನೀನ್ ಯೇಳ್ದೆ ಅಂತಾವ್ಳೆ. ನಂಬರ್ ಕಡ್ಡಿ ಇರೋವೂ ಕೀಳಿ ಅಂದ್ಯಂತೆ. ಯೇಳ್ದ್ಯಾ ಮಗ?” ಎಂದಳು.

ಅವಳು ಗದರಿಸಿ ಕೇಳಲಿಲ್ಲ. ಹೌದು ಎಂದಿದ್ದರೆ ಏನಾಗುತ್ತಿತ್ತು ಎಂದು ಸಾವಿರ ಸಲ ಲೆಕ್ಕ ಹಾಕಿದ್ದೇನೆ. ನನ್ನ ಗುತ್ತಿಗೆ ಹೋಗುತ್ತಿತ್ತು. ಕೆಲಸವಿಲ್ಲದವನಿಗೆ ಹೆಣ್ಣು ಕೊಡುವವರು ಹಿಂದೆ ಸರಿಯುತ್ತಿದ್ದರೋ ಏನೋ. ಅಷ್ಟೇ. ಅಷ್ಟಕ್ಕೆ ನಾನು ತಲೆಯೆತ್ತಿ ಅವಳ ಮುಖವನ್ನೇ ನೋಡಿಕೊಂಡು, ಇಲ್ಲ ಎಂದೆ. ಮುಂದಿನ ಮಡಿ ಮಾತ್ರ ಎಂದು ಹೇಳಿದ್ದೆ ಎಂದೂ ಸೇರಿಸಿದೆ. ಅವಳ ಮುಖದಲ್ಲಿ ಏನೋ ಹಗುರವಾದದ್ದನ್ನು ಕಂಡೆ. ನನ್ನನ್ನು ನಂಬಿದ್ದು ಅವಳಿಗೆ ಸಮಾಧಾನ ಕೊಟ್ಟಿತ್ತು. ಜಯಮ್ಮನಿಗೆಂದು ತಂದ ಪೊಟ್ಟಣವನ್ನೂ ನನ್ನ ಮೇಜಿನ ಮೇಲಿಟ್ಟು ಹೋದಳು.

ಸಾಹೇಬರು ಗುರುವಾರ ಬಂದರು. ಗುಂಡಿಗಳ ನಡುವೆ ಒಂದು ಸುತ್ತು ಬಂದರು. ಬಂದ ಮನುಷ್ಯ ಬೇರೆ, ಹೋದ ಮನುಷ್ಯ ಬೇರೆ ಎನ್ನುವಷ್ಟು ಮುದುಕರಾಗಿ ಜೀಪು ಹತ್ತಿದರು. ವರದಿ ಬರೆದವನು ನಾನೇ. ಜವಾಬ್ದಾರಿ ಹೊತ್ತಿದ್ದ ಕೂಲಿಯಾಳು ಅನುಮತಿಯಿಲ್ಲದೆ ತನ್ನ ಬದಲು ಹೊರಗಿನವರನ್ನು ಬಿಟ್ಟದ್ದರಿಂದ ಗಿಡಗಳು ಹೋದವು ಎಂದು ಬರೆದೆ. ಕೆಂಪಮ್ಮ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಿದಳು. ಆರ್ಡರು ಬರಲಿಲ್ಲ, ಮುಂದಿನ ತಿಂಗಳಿಂದ ದಿನಗೂಲಿಯೂ ಬೇಡ ಎಂದರು. ಅತ್ತ ಊರಿನಲ್ಲಿ ಜಯಮ್ಮ, ಸಾರೇ ಹೇಳಿದ್ದು ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಕೆಂಪಮ್ಮ, ಆ ಹುಡುಗ ಸುಳ್ಳು ಹೇಳುವವನಲ್ಲ ಎಂದು ಎಲ್ಲರೆದುರು ನನ್ನ ಪರ ನಿಂತಳಂತೆ. ಊರು ಕೆಂಪಮ್ಮನ ಮಾತನ್ನು ಹಿಡಿಯಿತು.

ಆ ತಿಂಗಳು ನಾನು ಊರಿನ ಕಡೆ ಹೋಗದೆ ನಾಗಮಂಗಲದಲ್ಲೇ ಉಳಿದೆ, ಜಯಮ್ಮನ ಫೋನು ನನಗೆ ಮೇಲಿಂದ ಮೇಲೆ ಬಂತು. ಬೆಳಿಗ್ಗೆ ಬರುತ್ತಿತ್ತು, ಮಧ್ಯಾಹ್ನ ಬರುತ್ತಿತ್ತು. ಜಗಳಕ್ಕೆ ಮಾಡುತ್ತಿದ್ದಾಳೆ ಎಂದು ನಾನು ಎತ್ತಲೇ ಇಲ್ಲ. ಗುತ್ತಿಗೆ ಮುಂದುವರಿದು ಬೇರೆ ಜಿಲ್ಲೆಗೆ ಹಾಕಿದರು. ಹೋಗುವಾಗ ನಂಬರೂ ಬದಲಾಯಿಸಿಬಿಟ್ಟೆ. ಮದುವೆಯಾಯಿತು, ಕೆಲಸ ಖಾಯಂ ಆಯಿತು. ಸಾಹೇಬರು ನಿವೃತ್ತರಾದರು. ಮತ್ತೆ ಬೀಜ ತರಿಸುವ ಶಕ್ತಿ ಯಾರಿಗೂ ಇರಲಿಲ್ಲ, ಯೋಜನೆ ಮುಚ್ಚಿತು.

ಆಟೊದವನು ಊರ ಬಾಗಿಲಲ್ಲಿ ಇಳಿಸಿದ. ತಾಕಿನ ಬೇಲಿ ಕಿತ್ತುಹೋಗಿ ಒಳಗೆ ಹಸು ಮೇಯುತ್ತಿತ್ತು. ಕೆಂಪಮ್ಮನ ಮನೆಗೆ ಜಯಮ್ಮನ ರಾಗಿ ಹೊಲವನ್ನು ಹಾದೇ ಹೋಗಬೇಕು. ಹೊಲದ ಮೇಲ್ತುದಿಯಲ್ಲಿ, ಕಲ್ಲುಬದುವಿನ ಉದ್ದಕ್ಕೂ ಹಳದಿ. ಹುಚ್ಚೆಳ್ಳು ಎಂದುಕೊಂಡು ಎರಡು ಹೆಜ್ಜೆ ಮುಂದೆ ಹೋದವನು ನಿಂತೆ. ಎರಡು ಬೆರಳಗಲದ ಹೂವು, ಬೂದು ಹಸಿರು ಎಲೆ. ಹತ್ತಿರ ಹೋಗಿ ಮುಟ್ಟಿದೆ, ಕೈ ಉರಿಯಿತು. ಹದಿನೈದಕ್ಕೂ ಹೆಚ್ಚು ಬುಡ, ಒಂದೊಂದೂ ಮಕ್ಕರಿ ಬುಟ್ಟಿಯಷ್ಟು ದಪ್ಪ.

ಬದುವಿನ ಮೇಲೆ ಕುರಿ ಕಟ್ಟುತ್ತಿದ್ದ ಮುದುಕ ಎದ್ದು ಬಂದ. ಜಯಮ್ಮನ ಗಂಡ ಚೆಲುವಣ್ಣ. ನನ್ನ ಗುರುತು ಅವನಿಗೆ ಒಡನೆ ಹತ್ತಿತು. ಜಯಮ್ಮ ಎಲ್ಲಿ ಎಂದೆ. ಹೋದ ವರ್ಷ ಮಾರ್ನಾಮಿ ಹಬ್ಬದ ಹೊತ್ತಿಗೆ ತೀರಿಹೋದಳು ಎಂದ, ಎದೆನೋವು ಬಂತು, ಆಸ್ಪತ್ರೆ ಮುಟ್ಟಲಿಲ್ಲ. ನಾನು ಗಿಡಗಳ ಕಡೆ ನೋಡಿದ್ದನ್ನು ಅವನು ನೋಡಿದ.

“ಬೇಲಿಯಾಚೆ ಬಿಸಾಕಿದ್ದ ಬುಡವ ಅವ್ಳೇ ಆಯ್ಕಂಬಂದು ನೆಟ್ಲು” ಎಂದ. “ವಾರ ಕಳ್ಯದ್ರೊಳ್ಗೆ ಚಿಗುರು ಕಾಣ್ತು. ಬದ್ಕವೆ ಸಾ, ಬಂದ್ ತಕೊಂಡೋಗಿ ಅಂತ ಯೇಳಕೆ ನಿಮ್ಗೆ ದಿನಾ ಫೋನ್ ಮಾಡೋಳು. ಕೆಂಪಕ್ಕುನ್ ಕೆಲ್ಸ ಉಳಿಲಿ ಅಂತವ. ನೀವ್ ಎತ್ಲಿಲ್ಲ.”

ಅವನ ದನಿಯಲ್ಲಿ ಆರೋಪವಿರಲಿಲ್ಲ, ಅದನ್ನು ಹೊರುವುದು ಇನ್ನೂ ಕಷ್ಟವಾಗಿತ್ತು. ಕೆಂಪಮ್ಮನಿಗೆ ಹೇಳಬಹುದಿತ್ತಲ್ಲ ಎಂದೆ. ಹೇಳಲು ಹೋಗಿದ್ದಳಂತೆ. ಕೆಂಪಮ್ಮ ಮಾತೇ ಕೇಳಿಸಿಕೊಳ್ಳದೆ ಬಾಗಿಲು ಹಾಕಿಕೊಂಡಳಂತೆ. ಆಮೇಲೆ ಬದುವಿನಲ್ಲಿ ಹೂವು ಕಂಡಾಗ, ತಾಕಿನ ಗಿಡ ಕದ್ದು ತನ್ನ ಹೊಲಕ್ಕೆ ನೆಟ್ಟುಕೊಳ್ಳಲೆಂದೇ ಕಿತ್ತಳು ಎಂದು ಊರು ಆಡಿಕೊಂಡಿತಂತೆ. ಸುಳ್ಳಿ ಎಂದಿದ್ದವರು ಕಳ್ಳಿ ಎಂದೂ ಸೇರಿಸಿದರು. ಹೆಣ ಅಂಗಳದಲ್ಲಿ ಮಲಗಿಸಿದ್ದಾಗಲೂ ಪಕ್ಕದ ಮನೆಯ ಕೆಂಪಮ್ಮ ಹೊರಗೆ ಬರಲಿಲ್ಲವಂತೆ. ಹೂತ ಜಾಗವನ್ನೂ ಚೆಲುವಣ್ಣ ತೋರಿಸಿದ. ಹೂವಿನ ಸಾಲು ಮುಗಿದ ಕಡೆ ಜಯಮ್ಮನನ್ನು ಮಣ್ಣು ಮಾಡಿದ್ದರು.

ಕೆಂಪಮ್ಮ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆರಳಿನ ಗಿಣ್ಣು ಊದಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಬಂದ್ಯಾ ಮಗ ಎಂದಳು. ಒಂಬತ್ತು ವರ್ಷವಲ್ಲ, ಒಂದು ಭಾನುವಾರ ಕಳೆದು ಬಂದವನನ್ನು ಕೇಳಿದ ಹಾಗೆ. ಸೊಸೆಯನ್ನು ಕೂಗಿ ಕಾಫಿ ಇಡಲು ಹೇಳಿದಳು. ನನ್ನ ಮಕ್ಕಳೆಷ್ಟು, ಹೆಂಡತಿ ಆ ನಿಮಿಷಾಂಬದ ಹುಡುಗಿಯೇ ತಾನೇ ಎಂದು ವಿಚಾರಿಸಿದಳು. ಇನ್ನು ಸ್ವಲ್ಪ ಹೊತ್ತು ಹಾಗೇ ಕೂತರೆ ಕಾಫಿ ಕುಡಿದು ಎದ್ದುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೆ ಲೋಟ ಕೈಗೆ ಬರುವ ಮೊದಲೇ ಹೇಳಿಬಿಟ್ಟೆ. ಜಯಮ್ಮ ಕೇಳಿದ್ದಳು, ನಂಬರು ಕಡ್ಡಿ ಇರುವುದನ್ನೂ ಕೀಳುವುದಾ ಎಂದು ಸರಿಯಾಗಿಯೇ ಕೇಳಿದ್ದಳು, ಹೂಂ ಎಂದವನು ನಾನು ಎಂದೆ. ನೀನು ಕೇಳಿದಾಗ ಹೆದರಿ ಸುಳ್ಳು ಹೇಳಿದೆ ಎಂದೆ. ಆ ಫೋನುಗಳ ವಿಷಯವನ್ನೂ ಹೇಳಿದೆ.

ಅವಳ ಬೆರಳು ಅವರೆಕಾಯಿಯ ಮೇಲೆ ನಿಂತಿತು. ನನ್ನನ್ನು ನೋಡಲಿಲ್ಲ. ಎರಡು ಮನೆಗಳ ನಡುವಿನ ಗೋಡೆಯನ್ನು ನೋಡುತ್ತಾ ಕೂತಳು. ಬೈಯಲಿ ಎಂದು ಕಾದೆ, ಬೈದರೆ ಎಷ್ಟೋ ಹಗುರವಾಗುತ್ತಿತ್ತು. ಸೊಸೆ ತಂದ ಕಾಫಿ ನನ್ನ ಪಕ್ಕದಲ್ಲೇ ಆರಿತು.

ಸುಮಾರು ಹೊತ್ತಿನ ಮೇಲೆ ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದಳು. ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿದಳು. ಸೂರಿನ ಸಂದಿಯಲ್ಲಿದ್ದ ಕುಡುಗೋಲು ತೆಗೆದು ಬಾಯನ್ನು ಹೆಬ್ಬೆರಳಲ್ಲಿ ಸವರಿ ನೋಡಿದಳು. ಈ ಬಿಸಿಲಲ್ಲಿ ಎಲ್ಲಿಗೆ ಹೋಗುತ್ತೀಯ ಅತ್ತೆ ಎಂದು ಸೊಸೆ ಕೇಳಿದಳು.

“ಜಯಮ್ಮುನ್ ವಲಕ್ಕೆ” ಎಂದಳು ಕೆಂಪಮ್ಮ. “ಅವತ್ತಿಂದು ಒಂದಾಳು ಮುಯ್ಯಿ ನನ್ ಮ್ಯಾಲೇ ಉಳ್ಕಂಡದೆ.”

ಅಂಗಳ ದಾಟಿ, ಜಯಮ್ಮನ ಮನೆಯ ಮುಂದಿನಿಂದಲೇ ನಡೆದು ಹೊಲದ ಕಡೆ ಹೊರಟಳು. ಸೊಂಟ ಬಾಗಿದ್ದರಿಂದ ನಡಿಗೆ ನಿಧಾನವಾಗಿತ್ತು. ನಾನು ಹಿಂದೆಯೇ ಹೋದೆ. ಕುಡುಗೋಲನ್ನಾದರೂ ಹಿಡಿದುಕೊಳ್ಳೋಣ ಎಂದು ಕೈ ಚಾಚಿದೆ. ಬದುವಿನ ಹತ್ತಿರ ಅವಳು ನಿಂತು ತಿರುಗಿದಳು.

“ನೀವ್ ಬರ್ಬ್ಯಾಡಿ ಸಾ” ಎಂದಳು.

ಒಬ್ಬಳೇ ಹೊಲಕ್ಕಿಳಿದಳು. ಹಳದಿ ಹೂವಿನ ಸಾಲಿನ ಬುಡಕ್ಕೆ ಹೋಗಿ, ಬಗ್ಗಿ, ರಾಗಿಯೊಳಗಿನ ಕಳೆ ಕೀಳತೊಡಗಿದಳು. ಹೊತ್ತು ಮುಳುಗುವವರೆಗೂ ನಾನು ದಾರಿಯ ಮೇಲೆಯೇ ನಿಂತಿದ್ದೆ, ಅವಳು ಒಮ್ಮೆಯೂ ತಲೆಯೆತ್ತಲಿಲ್ಲ.